ಗುಂಡು ಹಾರುವ ಮೊದಲಿನ ಗಂಟೆಗಳು

(ಶಿವಮೊಗ್ಗದಲ್ಲಿ ಕಾನೂನು ವಿದ್ಯಾರ್ಥಿಗಳು, ವಕೀಲರು, ಪೊಲೀಸ್ ಸಿಬ್ಬಂದಿ ಮತ್ತು ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬಂದಿದ್ದೀರಿ. ಕಾನೂನು ಓದುತ್ತಿರುವವರಿದ್ದೀರಿ, ಹಿರಿಯ ವಕೀಲರಿದ್ದೀರಿ. ಹಿಂದಿನ ಸಾಲಿನಲ್ಲಿ ಡ್ಯೂಟಿ ಮುಗಿಸಿ ಮಫ್ತಿಯಲ್ಲಿ ಬಂದ ಪೊಲೀಸ್ ಮಿತ್ರರೂ ಕಾಣುತ್ತಿದ್ದಾರೆ. ಅವರು ಬಂದಿರುವುದು ನನಗೆ ದೊಡ್ಡ ಸಮಾಧಾನ. ಪೊಲೀಸರು ಇಲ್ಲದ ಕಡೆ ಪೊಲೀಸರ ಬಗ್ಗೆ ಮಾತಾಡುವುದು ಸುಲಭ, ಆದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಶೃಂಗೇರಿಯಿಂದ ಕೆರೆಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ ತನಿಕೋಡು ಚೆಕ್‌ಪೋಸ್ಟ್ ಇದೆ. 2014ರ ಏಪ್ರಿಲ್ 19ರಂದು ಅಲ್ಲಿ ಜಾನುವಾರು ಸಾಗಿಸುತ್ತಿದ್ದ ವಾಹನದಲ್ಲಿದ್ದ ಕರಾವಳಿಯ ಯುವಕನೊಬ್ಬ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯ ಗುಂಡಿಗೆ ಸತ್ತ. ಅವನು ನಕ್ಸಲನಾಗಿರಲಿಲ್ಲ. ಸರ್ಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿತು. ಆಗ ನಮ್ಮ ಊರುಗಳಲ್ಲಿ ನಡೆದ ಚರ್ಚೆ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕೆಲವರು, ಚೆಕ್‌ಪೋಸ್ಟಿನಲ್ಲಿ ನಿಲ್ಲದೆ ಹೋದರೆ ಪೊಲೀಸರು ಇನ್ನೇನು ಮಾಡಬೇಕಿತ್ತು ಎಂದರು. ಕೆಲವರು ಇದು ಹಾಡಹಗಲ ಕೊಲೆಗೆ ಸಮ ಎಂದರು. ಎರಡೂ ಕಡೆಯವರ ಕಣ್ಣು ನೆಟ್ಟಿದ್ದದ್ದು ಮಾತ್ರ ಒಂದೇ ಕಡೆ, ಬಂದೂಕಿನ ಕುದುರೆ ಎಳೆದ ಆ ಕೆಲವು ಸೆಕೆಂಡುಗಳ ಮೇಲೆ.

ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ: ಆ ಸೆಕೆಂಡುಗಳನ್ನಷ್ಟೇ ನೋಡಿದರೆ ನ್ಯಾಯ ಸಿಗುವುದಿಲ್ಲ, ಸತ್ತವನ ಮನೆಯವರಿಗೂ ಸಿಗುವುದಿಲ್ಲ, ಬಂದೂಕು ಹಿಡಿದಿದ್ದ ಕಾನ್‌ಸ್ಟೇಬಲ್‌ಗೂ ಸಿಗುವುದಿಲ್ಲ. ಆ ಚೆಕ್‌ಪೋಸ್ಟಿಗೆ ಡ್ಯೂಟಿ ಹಾಕಿದ ಹೊತ್ತಿನಿಂದ ಹಿಡಿದು ಶವ ಮನೆಗೆ ತಲುಪುವವರೆಗಿನ ಎಲ್ಲದಕ್ಕೂ ಲೆಕ್ಕ ಕೇಳಬೇಕು. ಅದನ್ನು ಮೇಲಿನ ಅಧಿಕಾರಿಗಳಿಂದಲೂ ಕೇಳಬೇಕು.

ಮೊದಲು ಭಯದ ಮಾತು ಆಡೋಣ, ಯಾಕೆಂದರೆ ಅದು ಸುಳ್ಳಲ್ಲ. 2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ನಕ್ಸಲ್ ಚಳವಳಿಯ ಇಬ್ಬರು ಯುವತಿಯರು ಪೊಲೀಸ್ ಗುಂಡಿಗೆ ಸತ್ತರು. 2005ರ ಫೆಬ್ರುವರಿ 6ರಂದು ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ನಕ್ಸಲ್ ನಾಯಕ ಸಾಕೇತ್ ರಾಜನ್ ಹತರಾದರು. ಅದಾದ ಕೆಲವೇ ದಿನಕ್ಕೆ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಬಿಡಾರ ಹೂಡಿದ್ದ ಕೆಎಸ್‌ಆರ್‌ಪಿ, ಅಂದರೆ ರಾಜ್ಯ ಮೀಸಲು ಪಡೆಯ ಪೊಲೀಸರ ಮೇಲೆ ರಾತ್ರಿ ನಕ್ಸಲರ ದಾಳಿಯಾಯಿತು, ಪೊಲೀಸರ ಹೆಣಗಳು ಬಿದ್ದವು. ಅವರೂ ನಮ್ಮಂಥ ಮನೆಗಳಿಂದ ಹೋದ ಹುಡುಗರು. ಮಲೆನಾಡಿನ ಕಾಡಂಚಿನ ಚೆಕ್‌ಪೋಸ್ಟಿನಲ್ಲಿ ನಿಂತವನ ತಲೆಯಲ್ಲಿ ಈ ಚರಿತ್ರೆಯೆಲ್ಲ ಓಡುತ್ತಿರುತ್ತದೆ. ಸುತ್ತ ಕತ್ತಲೆ, ಮಂಜು, ಮೊಬೈಲ್ ಸಿಗ್ನಲ್ ಇಲ್ಲ, ಸಹಾಯಕ್ಕೆ ಇನ್ನೊಂದು ಜೀಪು ಬರಬೇಕೆಂದರೆ ಘಾಟಿ ಹತ್ತಿ ಬರಬೇಕು. ಅಂಥ ಕಡೆ ವಾಹನವೊಂದು ನಿಲ್ಲದೆ ನುಗ್ಗಿದರೆ ಎದೆ ಹೊಡೆದುಕೊಳ್ಳದೆ ಇರುತ್ತದೆಯೆ?

ಪ್ರಾಣಭಯದಲ್ಲಿ ಮನುಷ್ಯನ ದೇಹ ಏನು ಮಾಡುತ್ತದೆ ಎಂಬುದು ಈಗ ಚೆನ್ನಾಗಿ ಗೊತ್ತಿರುವ ಸಂಗತಿ. ನೋಟ ಕಿರಿದಾಗುತ್ತದೆ, ಎದುರಿನವನ ಕೈ ಮಾತ್ರ ಕಾಣುತ್ತದೆ, ಪಕ್ಕದವನು ಕಾಣುವುದಿಲ್ಲ. ಕಿವಿಗೆ ಕೂಗು ಬೀಳುವುದಿಲ್ಲ. ಎರಡು ಸೆಕೆಂಡು ಎರಡು ನಿಮಿಷದಂತೆ ಅನಿಸುತ್ತದೆ. ಜೊತೆಯಲ್ಲಿದ್ದವನು ಗುಂಡು ಹಾರಿಸಿದರೆ ತನ್ನ ಬೆರಳೂ ತಾನಾಗಿಯೇ ಎಳೆಯುತ್ತದೆ. ಆಮೇಲೆ ಹೇಳಿಕೆ ಕೊಡುವಾಗ ಎಷ್ಟು ಸುತ್ತು ಹಾರಿಸಿದೆ ಎಂಬುದೇ ನೆನಪಿರುವುದಿಲ್ಲ. ಇದು ನಾಟಕವಾಗಿರಬೇಕಿಲ್ಲ, ನಿಜವಾಗಿಯೂ ನೆನಪಿರದೆ ಇರಬಹುದು. ಪೊಲೀಸರ ವಿರುದ್ಧ ವಾದಿಸುವ ವಕೀಲರು ಇದನ್ನು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಮುಂದಿನ ಪ್ರಶ್ನೆ ಇನ್ನಷ್ಟು ಗಟ್ಟಿಯಾಗುತ್ತದೆ. ಮನುಷ್ಯನ ದೇಹ ಹೀಗೆಯೇ ವರ್ತಿಸುತ್ತದೆ ಎಂದು ಇಲಾಖೆಗೆ ಮೊದಲೇ ಗೊತ್ತಿರುವಾಗ, ಅಂಥ ಸ್ಥಿತಿಗೆ ಅವನನ್ನು ತಂದು ನಿಲ್ಲಿಸಿದವರು ಯಾರು?

ಇನ್ನು ಕಾನೂನು. ಆರೋಪಿಯನ್ನು ಬಂಧಿಸುವಾಗ ಪ್ರತಿರೋಧ ಬಂದರೆ ಅಗತ್ಯವಿರುವಷ್ಟು ಬಲ ಬಳಸಲು ಪೊಲೀಸರಿಗೆ ಅಧಿಕಾರವಿದೆ. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕನ್ನು ಈ ಕಲಂ ಕೊಡುವುದಿಲ್ಲ ಎಂದು ಅಲ್ಲೇ ಬರೆದಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 46ನೇ ಕಲಮಿನಲ್ಲಿ ಇದ್ದ ಈ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನಲ್ಲೂ ಹಾಗೆಯೇ ಇದೆ. ತನಿಕೋಡಿನ ಸಂಗತಿಯನ್ನೇ ತೆಗೆದುಕೊಳ್ಳಿ. ಜಾನುವಾರು ಸಾಗಣೆ ಕಾನೂನಿಗೆ ವಿರುದ್ಧವಾಗಿಯೇ ಇತ್ತು ಎಂದು ವಾದಕ್ಕೆ ಇಟ್ಟುಕೊಳ್ಳೋಣ. ಆಗ ಜಾರಿಯಲ್ಲಿದ್ದ 1964ರ ಕಾಯ್ದೆಯ ಪ್ರಕಾರ ಅದಕ್ಕೆ ಹೆಚ್ಚೆಂದರೆ ಆರು ತಿಂಗಳ ಸಜೆ. 2020ರ ಹೊಸ ಕಾಯ್ದೆಯಲ್ಲಿ ಶಿಕ್ಷೆ ಏರಿತು, ಆದರೂ ಅದು ಏಳು ವರ್ಷ ದಾಟುವುದಿಲ್ಲ. ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಇಂಥವನ ಮೇಲೆ ಗುಂಡು ಹಾರಿಸಲು ಈ ದೇಶದ ಯಾವ ಕಾನೂನಿನಲ್ಲೂ ಜಾಗವಿಲ್ಲ.

ಹಾಗಾದರೆ ಪೊಲೀಸರಿಗೆ ಉಳಿಯುವುದು ಆತ್ಮರಕ್ಷಣೆಯ ಹಕ್ಕು. ಅದು ಪೊಲೀಸರಿಗೆಂದೇ ಇರುವ ಹಕ್ಕಲ್ಲ, ನನಗೂ ನಿಮಗೂ ಇರುವುದೇ. ನಮ್ಮ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಎಷ್ಟೋ ಮನೆಗಳಲ್ಲಿದೆ. ಕೊಯ್ಲಿನ ಕಾಲದ ಒಂದು ರಾತ್ರಿ ಅಡಿಕೆ ತೋಟದಲ್ಲಿ ಟಾರ್ಚ್ ಬೆಳಕು ಕಂಡು ಯಜಮಾನ ಕೋವಿ ಹಿಡಿದು ಹೋದ ಅಂದುಕೊಳ್ಳಿ. ಕತ್ತಿ ಹಿಡಿದವನೊಬ್ಬ ಎದುರಾದ, ಗುಂಡು ಹಾರಿತು, ಅವನು ಸತ್ತ. ಬೆಳಗಾಗುವುದರೊಳಗೆ ಯಜಮಾನನ ಮೇಲೆ ಎಫ್‌ಐಆರ್ ಆಗುತ್ತದೆ. ಕೋವಿ ಜಪ್ತಿಯಾಗುತ್ತದೆ, ಮಹಜರು ನಡೆಯುತ್ತದೆ, ಅವನು ಜೈಲಿಗೆ ಹೋಗಿ ಜಾಮೀನಿಗೆ ಅರ್ಜಿ ಹಾಕುತ್ತಾನೆ. ನಾನು ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಎಂದು ನ್ಯಾಯಾಲಯದಲ್ಲಿ ಅವನೇ ತೋರಿಸಬೇಕು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಕಲಂ ಆ ಹೊಣೆಯನ್ನು ಅವನ ಮೇಲೆ ಹಾಕುತ್ತದೆ. ಪ್ರಾಣ ಉಳಿಸಿಕೊಳ್ಳಲು ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡಿದರೆ ಆ ರಕ್ಷಣೆಯೂ ಹೋಗುತ್ತದೆ. ಇದೇ ಕಾನೂನು ಪಿಎಸ್‌ಐಗೂ ಅನ್ವಯ. ಕಾನೂನಿನ ಪುಸ್ತಕದಲ್ಲಿ ಇಬ್ಬರ ನಡುವೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಹುಟ್ಟುವುದು ಠಾಣೆಯಲ್ಲಿ ಎಫ್‌ಐಆರ್ ಬರೆಯುವಾಗ. ಅದಕ್ಕೆ ಆಮೇಲೆ ಬರುತ್ತೇನೆ.

ಒತ್ತಡದ ಗಳಿಗೆ ಎಂಬ ಸಮರ್ಥನೆಯನ್ನು ನಾವು ಯಾರಿಗೆ ಕೊಡುತ್ತೇವೆ, ಯಾರಿಗೆ ಕೊಡುವುದಿಲ್ಲ ಎಂಬುದನ್ನೂ ಸ್ವಲ್ಪ ನೋಡಬೇಕು. ಶಿಕಾರಿಪುರ ತಾಲ್ಲೂಕಿನ ಈಸೂರು ಇಲ್ಲಿಂದ ದೂರವಿಲ್ಲ. 1942ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ರೊಚ್ಚಿಗೆದ್ದ ಜನರ ಕೈಯಲ್ಲಿ ಸತ್ತರು. ಅದೂ ಒಂದು ಗಳಿಗೆಯ ಆವೇಶವೇ. ಆದರೆ ನ್ಯಾಯಾಲಯ ಆ ಗಳಿಗೆಯನ್ನು ಬಿಡಿಸಿ ಬಿಡಿಸಿ ನೋಡಿತು, 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಲಾಯಿತು. ಸಾಮಾನ್ಯ ಮನುಷ್ಯನ ಕ್ಷಣವನ್ನು ಕಾನೂನು ಅಷ್ಟು ಕೂಲಂಕಷವಾಗಿ ನೋಡಬಲ್ಲದಾದರೆ, ತರಬೇತಿ, ಸಂಬಳ, ಸಮವಸ್ತ್ರ, ಬಂದೂಕು ಎಲ್ಲವನ್ನೂ ಸರ್ಕಾರ ಕೊಟ್ಟಿರುವವನ ಕ್ಷಣವನ್ನು ಅದಕ್ಕಿಂತ ಕಡಿಮೆ ನೋಡಲು ಕಾರಣವೇ ಇಲ್ಲ.

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಗ್ರಹಾಂ ವಿರುದ್ಧ ಕಾನರ್ ಪ್ರಕರಣದಲ್ಲಿ, ಪೊಲೀಸರು ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ತೀರ್ಮಾನ ತೆಗೆದುಕೊಳ್ಳಬೇಕಾಗುತ್ತದೆ, ಆಮೇಲೆ ಕೂತು ತಪ್ಪು ಹುಡುಕುವವರ ಕಣ್ಣಿನಿಂದ ಅದನ್ನು ನೋಡಬಾರದು ಎಂದಿತು. ಮಾತು ಸರಿಯಾಗಿಯೇ ಇತ್ತು. ಆದರೆ ಕೆಲವು ಕೆಳ ನ್ಯಾಯಾಲಯಗಳು ಅದನ್ನು ಹಿಡಿದು ಗುಂಡು ಹಾರಿದ ಕ್ಷಣವನ್ನು ಬಿಟ್ಟು ಬೇರೇನನ್ನೂ ನೋಡದಂತಾದವು. 2016ರಲ್ಲಿ ಹ್ಯೂಸ್ಟನ್ ಬಳಿ ಟೋಲ್ ಬಾಕಿಯ ಕಾರಣಕ್ಕೆ ಕಾರೊಂದನ್ನು ಅಧಿಕಾರಿ ತಡೆದ. ಕಾರು ಮುಂದೆ ಹೊರಟಾಗ ಅವನು ಬಾಗಿಲ ಅಂಚಿಗೆ ಹಾರಿ ನಿಂತು ಎರಡು ಗುಂಡು ಹೊಡೆದ. ಚಾಲಕ ಸತ್ತ. ಬಾಗಿಲ ಅಂಚಿಗೆ ಹಾರಿದ್ದಕ್ಕೂ ಮೊದಲ ಗುಂಡಿಗೂ ನಡುವೆ ಇದ್ದದ್ದು ಎರಡೇ ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಅಧಿಕಾರಿಯ ಪ್ರಾಣಕ್ಕೆ ಅಪಾಯ ಇದ್ದದ್ದು ನಿಜ ಎಂದು ಕೆಳ ನ್ಯಾಯಾಲಯಗಳು ಕೈತೊಳೆದುಕೊಂಡವು. ಚಲಿಸುವ ಕಾರಿಗೆ ಹಾರಿ ಆ ಅಪಾಯವನ್ನು ತಂದುಕೊಂಡವರು ಯಾರು ಎಂದು ಕೇಳಲಿಲ್ಲ. 2025ರ ಮೇ 15ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ಕ್ರಮವನ್ನು ತಳ್ಳಿಹಾಕಿತು. ಇಡೀ ಘಟನೆಯನ್ನು, ಅದರ ಹಿಂದಿನದನ್ನೂ ಸೇರಿಸಿ ನೋಡಲೇಬೇಕು ಎಂದಿತು. ಇದು ಬಾರ್ನ್ಸ್ ವಿರುದ್ಧ ಫೆಲಿಕ್ಸ್ ಪ್ರಕರಣ. ಕಾನೂನು ವಿದ್ಯಾರ್ಥಿಗಳು ದಯವಿಟ್ಟು ಹುಡುಕಿ ಓದಿ.

ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದದ್ದು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1995ರಲ್ಲಿ ಕೊಟ್ಟ ಮ್ಯಾಕ್‌ಕ್ಯಾನ್ ತೀರ್ಪು. 1988ರ ಮಾರ್ಚ್‌ನಲ್ಲಿ ಜಿಬ್ರಾಲ್ಟರ್‌ನಲ್ಲಿ ಐರಿಷ್ ರಿಪಬ್ಲಿಕನ್ ಆರ್ಮಿಯ ಮೂವರನ್ನು ಬ್ರಿಟಿಷ್ ಸೈನಿಕರು ಗುಂಡಿಟ್ಟು ಕೊಂದರು. ಕಾರಿನಲ್ಲಿ ಬಾಂಬ್ ಇದೆ, ಜೇಬಿನಲ್ಲಿರುವ ಗುಂಡಿ ಒತ್ತಿದರೆ ಸಿಡಿಯುತ್ತದೆ ಎಂದು ಸೈನಿಕರಿಗೆ ಮೊದಲೇ ಹೇಳಲಾಗಿತ್ತು. ಅವರು ಕೈ ಜೇಬಿನ ಕಡೆ ಹೋಯಿತೆಂದು ಹೊಡೆದರು. ಆಮೇಲೆ ನೋಡಿದರೆ ಮೂವರ ಬಳಿಯೂ ಆಯುಧವಿರಲಿಲ್ಲ, ಆ ಕಾರಿನಲ್ಲಿ ಬಾಂಬೂ ಇರಲಿಲ್ಲ. ನ್ಯಾಯಾಲಯ ಏನು ಹೇಳಿತು ಗೊತ್ತೆ? ಗುಂಡು ಹೊಡೆದ ಸೈನಿಕರು ತಮಗೆ ಹೇಳಿದ್ದನ್ನು ಪ್ರಾಮಾಣಿಕವಾಗಿ ನಂಬಿದ್ದರು, ಆದ್ದರಿಂದ ಅವರನ್ನು ದೂರುವುದಿಲ್ಲ ಎಂದಿತು. ಆದರೆ ಕಾರ್ಯಾಚರಣೆ ರೂಪಿಸಿದವರು ಆ ಮೂವರನ್ನು ಗಡಿಯಲ್ಲೇ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ತಮ್ಮ ಮಾಹಿತಿ ತಪ್ಪಿರಬಹುದು ಎಂಬ ಸಾಧ್ಯತೆಯನ್ನೇ ಸೈನಿಕರಿಗೆ ಹೇಳಲಿಲ್ಲ. ಹೀಗಾಗಿ ಜೀವಿಸುವ ಹಕ್ಕಿನ ಉಲ್ಲಂಘನೆಯಾಗಿದೆ ಎಂದು ತೀರ್ಪು ಬಂತು. ಹತ್ತು ನ್ಯಾಯಮೂರ್ತಿಗಳು ಒಂದು ಕಡೆ, ಒಂಬತ್ತು ಮಂದಿ ಇನ್ನೊಂದು ಕಡೆ. ಎಷ್ಟು ಕಷ್ಟದ ಪ್ರಶ್ನೆ ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ.

ಲಂಡನ್ನಿನಲ್ಲಿ 2005ರ ಜುಲೈ 22ರಂದು ಆತ್ಮಾಹುತಿ ಬಾಂಬರ್ ಎಂದು ತಪ್ಪಾಗಿ ತಿಳಿದು ಬ್ರೆಜಿಲಿನ ಯುವಕನೊಬ್ಬನನ್ನು ರೈಲಿನೊಳಗೆ ಪೊಲೀಸರು ಕೊಂದರು. ಯಾವ ಅಧಿಕಾರಿಯ ಮೇಲೂ ಕೊಲೆ ಮೊಕದ್ದಮೆ ಆಗಲಿಲ್ಲ. ಅದರಲ್ಲಿ ನನಗೆ ಅಸಮಾಧಾನವಿದೆ. ಆದರೆ 2007ರಲ್ಲಿ ಲಂಡನ್ನಿನ ಪೊಲೀಸ್ ಸಂಸ್ಥೆಯನ್ನೇ ಆರೋಪಿಯಾಗಿ ನಿಲ್ಲಿಸಿ, ಜನರ ಸುರಕ್ಷತೆಯನ್ನು ಕಾಪಾಡಲಿಲ್ಲವೆಂದು ಶಿಕ್ಷೆ ಕೊಟ್ಟರು, 1,75,000 ಪೌಂಡ್ ದಂಡ ಹಾಕಿದರು. ಅಲ್ಲಿ ಸಾಕ್ಷಿಗಳನ್ನು ಕೇಳಿದ ಪ್ರಶ್ನೆಗಳು ಆ ದಿನ ಬೆಳಗಿನಿಂದ ಶುರುವಾದವು: ಮನೆಯಿಂದ ಹೊರಬಿದ್ದವನನ್ನು ಬಸ್ ಹತ್ತುವ ಮೊದಲೇ ಯಾಕೆ ತಡೆಯಲಿಲ್ಲ, ಶಸ್ತ್ರ ಹಿಡಿದ ತಂಡ ಸರಿಯಾದ ಹೊತ್ತಿಗೆ ಅಲ್ಲಿ ಯಾಕಿರಲಿಲ್ಲ?

ಈ ಪ್ರಶ್ನೆಗಳನ್ನು ನಮ್ಮ ಘಟ್ಟಕ್ಕೆ ತನ್ನಿ. ಚೆಕ್‌ಪೋಸ್ಟಿನಲ್ಲಿ ನಿಂತವನು ಎಷ್ಟು ಗಂಟೆಯಿಂದ ನಿಂತಿದ್ದ? ನಿದ್ದೆ ಮಾಡಿದ್ದನೆ? ಡ್ಯೂಟಿಗೆ ಕಳಿಸುವಾಗ ಅಧಿಕಾರಿ ಏನು ಹೇಳಿ ಕಳಿಸಿದರು, ನಕ್ಸಲರು ಬರಬಹುದು ಎಂದಷ್ಟೆಯೋ ಅಥವಾ ಬರುವ ನೂರು ವಾಹನದಲ್ಲಿ ತರಕಾರಿ, ಮರ, ದನ, ಪ್ರವಾಸಿಗರೇ ಹೆಚ್ಚು ಎಂದೂ ಹೇಳಿದರೆ? ವಾಹನ ತಡೆಯಲು ಬ್ಯಾರಿಕೇಡ್ ಅಡ್ಡ ಇಟ್ಟಿತ್ತೆ, ಚಕ್ರ ಪಂಕ್ಚರ್ ಮಾಡುವ ಮುಳ್ಳುಪಟ್ಟಿ ಇತ್ತೆ, ದೂರದಿಂದಲೇ ಚೆಕ್‌ಪೋಸ್ಟ್ ಕಾಣುವಷ್ಟು ದೀಪವಿತ್ತೆ? ನಿಲ್ಲಿಸು ಎಂದು ಯಾವ ಭಾಷೆಯಲ್ಲಿ ಕೂಗಿದರು? ಘಟ್ಟ ಹತ್ತಿ ಬರುವವರಲ್ಲಿ ತುಳು, ಬ್ಯಾರಿ, ಮಲಯಾಳಂ ಆಡುವವರು ಎಷ್ಟೋ ಜನ. ಮುಂದಿನ ಠಾಣೆಗೆ ವೈರ್‌ಲೆಸ್‌ನಲ್ಲಿ ತಿಳಿಸಿ ಅಲ್ಲಿ ಹಿಡಿಯುವ ದಾರಿ ಇತ್ತೆ? ಘಟ್ಟದ ರಸ್ತೆಯಲ್ಲಿ ತಪ್ಪಿಸಿಕೊಂಡ ವಾಹನ ಹೋಗುವುದಾದರೂ ಎಲ್ಲಿಗೆ? ಆ ರಸ್ತೆಗೆ ಇರುವುದು ಎರಡೇ ತುದಿ. ಇವುಗಳಿಗೆ ಉತ್ತರ ಇರುವುದು ಠಾಣೆಯ ಡೈರಿಯಲ್ಲಿ, ಡ್ಯೂಟಿ ಪಟ್ಟಿಯಲ್ಲಿ, ತರಬೇತಿಯ ದಾಖಲೆಯಲ್ಲಿ, ಮೇಲಿನ ಅಧಿಕಾರಿಯ ಆದೇಶದಲ್ಲಿ. ಕಾನ್‌ಸ್ಟೇಬಲ್‌ನ ಬೆರಳಿನಲ್ಲಿ ಅಲ್ಲ.

ಶಸ್ತ್ರ ತರಬೇತಿ ಕೊಡುವವರು ಮೂರು ಸಂಗತಿ ಕಲಿಸುತ್ತಾರೆ: ಸಮಯ, ದೂರ, ಮರೆ. ಎದುರಾಳಿಯಿಂದ ದೂರ ಸರಿ, ಒಂದು ಮರೆಯ ಹಿಂದೆ ನಿಲ್ಲು, ಆಗ ಯೋಚಿಸಲು ಸಮಯ ಸಿಗುತ್ತದೆ. ಚಾಕು ಹಿಡಿದವನ ಎದುರು ಎರಡಡಿ ದೂರದಲ್ಲಿ ನಿಂತರೆ ಗುಂಡು ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ಜೀಪಿನ ಬಾಗಿಲ ಹಿಂದೆ ಇಪ್ಪತ್ತಡಿ ದೂರದಲ್ಲಿ ನಿಂತರೆ ಮಾತಿಗೂ ಲಾಠಿಗೂ ಜಾಗವಿರುತ್ತದೆ. ಒತ್ತಡವನ್ನು ಕಡಿಮೆ ಮಾಡುವ ವಿದ್ಯೆ ಇದೆ, ಅದನ್ನು ಕಲಿಸಬಹುದು, ವರ್ಷಕ್ಕೊಮ್ಮೆ ಗುರಿಗೆ ಗುಂಡು ಹೊಡೆಸುವುದಷ್ಟೇ ತರಬೇತಿಯಾಗಬಾರದು.

ನಮ್ಮ ಊರಿನಲ್ಲೇ ಇದಕ್ಕೆ ಉದಾಹರಣೆ ಇದೆ. 2023ರ ಅಕ್ಟೋಬರ್ 1ರಂದು ಈದ್ ಮಿಲಾದ್ ಮೆರವಣಿಗೆಯ ಹೊತ್ತಿಗೆ ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾಯಿತು. ಆ ಸಂಜೆಯ ಬಿಸಿ ಎಷ್ಟಿತ್ತು ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಪೊಲೀಸರು ಲಾಠಿ ಬೀಸಿದರು, ನಿಷೇಧಾಜ್ಞೆ ಹಾಕಿದರು, ಹೆಚ್ಚುವರಿ ಪಡೆ ತರಿಸಿದರು. ಯಾರ ಪ್ರಾಣವೂ ಹೋಗಲಿಲ್ಲ. ಲಾಠಿಯ ಬಗ್ಗೆ ದೂರುಗಳಿದ್ದರೆ ಅವನ್ನು ಬೇರೆಯಾಗಿ ಕೇಳೋಣ. ಆದರೆ ಬಂದೂಕು ಕೈಯಲ್ಲಿದ್ದೂ ಹಾರಿಸದೆ ಆ ರಾತ್ರಿಯನ್ನು ದಾಟಿಸಿದ್ದಕ್ಕೆ ಅಲ್ಲಿದ್ದ ಸಿಬ್ಬಂದಿಗೆ ನಾವು ಕೃತಜ್ಞತೆ ಹೇಳಿಲ್ಲ. ಹಾರಿಸಿದವರಿಗೆ ಹಾರ ಹಾಕುವ ನಾವು ಹಾರಿಸದವರ ಹೆಸರನ್ನೂ ಕೇಳುವುದಿಲ್ಲ.

ಇನ್ನೊಂದು ಉದಾಹರಣೆ ಇನ್ನೂ ದೊಡ್ಡದು. 2024ರ ನವೆಂಬರ್ 18ರ ರಾತ್ರಿ ಹೆಬ್ರಿ ತಾಲ್ಲೂಕಿನ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ನಕ್ಸಲ್ ನಿಗ್ರಹ ಪಡೆಯ ಗುಂಡಿಗೆ ಬಲಿಯಾದರು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, 2025ರ ಜನವರಿ 8ರಂದು, ಅದೇ ಕಾಡುಗಳಲ್ಲಿದ್ದ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಫೆಬ್ರುವರಿ ಮೊದಲ ವಾರದೊಳಗೆ ಉಳಿದಿಬ್ಬರೂ ಬಂದರು. ಶಾಂತಿಗಾಗಿ ಓಡಾಡಿದ ನಾಗರಿಕರು, ಶರಣಾಗತಿ ಸಮಿತಿಯವರು, ಪೊಲೀಸ್ ಅಧಿಕಾರಿಗಳು ಎಲ್ಲರೂ ಸೇರಿ ಸಮಯ ಕೊಟ್ಟರು, ಮಾತಾಡಿದರು. ಇಪ್ಪತ್ತು ವರ್ಷ ಗುಂಡಿನಿಂದ ಆಗದೆ ಹೋದದ್ದು ಹೀಗಾಯಿತು. ಆ ಎಂಟು ಜನ ಇವತ್ತು ಮೊಕದ್ದಮೆಗಳನ್ನು ಎದುರಿಸುತ್ತಿರುವ, ಮಾತಾಡಬಲ್ಲ ಮನುಷ್ಯರು. ಸತ್ತವರ ಜೊತೆ ಅವರಿಗೆ ಗೊತ್ತಿದ್ದ ಸತ್ಯವೂ ಮಣ್ಣಾಯಿತು.

ಈಗ ಎಫ್‌ಐಆರ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಎಲ್ಲ ಕೆಡುವುದು ಇಲ್ಲೇ. ಪೊಲೀಸ್ ಗುಂಡಿಗೆ ಒಬ್ಬ ಸತ್ತ ಕೂಡಲೇ ಠಾಣೆಯಲ್ಲಿ ಒಂದು ಎಫ್‌ಐಆರ್ ಆಗುತ್ತದೆ. ಆದರೆ ಅದರಲ್ಲಿ ಆರೋಪಿ ಯಾರು? ಸತ್ತವನೇ. ಪೊಲೀಸರ ಕೊಲೆಗೆ ಯತ್ನ, ಕರ್ತವ್ಯಕ್ಕೆ ಅಡ್ಡಿ. ಆರೋಪಿ ಸತ್ತಿರುವುದರಿಂದ ಪ್ರಕರಣ ಅಲ್ಲಿಗೇ ಮುಕ್ತಾಯ. ಅವನನ್ನು ಕೊಂದದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆ ಯಾವ ನ್ಯಾಯಾಲಯದ ಮುಂದೆಯೂ ಬರುವುದೇ ಇಲ್ಲ. ಈ ಪದ್ಧತಿಯನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ, 1997ರ ಮಾರ್ಚ್‌ನಲ್ಲಿ. ಆಗ ಅದರ ಅಧ್ಯಕ್ಷರಾಗಿದ್ದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರು. ಎಲ್ಲ ಮುಖ್ಯಮಂತ್ರಿಗಳಿಗೂ ಅವರು ಪತ್ರ ಬರೆದು, ಪೊಲೀಸರಿಗೆ ಪ್ರಾಣ ತೆಗೆಯುವ ವಿಶೇಷ ಹಕ್ಕು ಯಾವುದೂ ಇಲ್ಲ, ಅದೇ ಠಾಣೆಯವರು ಗುಂಡು ಹಾರಿಸಿದ್ದರೆ ತನಿಖೆ ಸಿಐಡಿಯಂಥ ಬೇರೆ ಸಂಸ್ಥೆಗೆ ಹೋಗಬೇಕು ಎಂದು ತಿಳಿಸಿದರು.

2014ರ ಸೆಪ್ಟೆಂಬರ್ 23ರಂದು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ವಿರುದ್ಧ ಮಹಾರಾಷ್ಟ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಆರ್.ಎಂ. ಲೋಧಾ ಮತ್ತು ಆರ್.ಎಫ್. ನಾರಿಮನ್ ಅವರು ಹದಿನಾರು ಸೂಚನೆಗಳನ್ನು ಕೊಟ್ಟರು. ಅವು ದೇಶಕ್ಕೆಲ್ಲ ಕಾನೂನಿನಷ್ಟೇ ಬಲವುಳ್ಳವು. ಎಫ್‌ಐಆರ್ ಆಗಿ ತಡಮಾಡದೆ ನ್ಯಾಯಾಲಯಕ್ಕೆ ಹೋಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ, ಗುಂಡಿನ ಕಾಳಗದಲ್ಲಿದ್ದ ಅಧಿಕಾರಿಗಿಂತ ಮೇಲಿನವರ ಉಸ್ತುವಾರಿಯಲ್ಲಿ ಮಾಡಬೇಕು. ಮರಣೋತ್ತರ ಪರೀಕ್ಷೆ ಇಬ್ಬರು ವೈದ್ಯರಿಂದ, ಅವರಲ್ಲೊಬ್ಬರು ಸಾಧ್ಯವಾದಷ್ಟು ಜಿಲ್ಲಾ ಆಸ್ಪತ್ರೆಯ ಮುಖ್ಯಸ್ಥರು, ಇಡೀ ಪರೀಕ್ಷೆಯ ವಿಡಿಯೊ ಆಗಬೇಕು. ಪೊಲೀಸರು ತಮ್ಮ ಶಸ್ತ್ರಗಳನ್ನು ವಿಧಿವಿಜ್ಞಾನ ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ತಪ್ಪದೆ ನಡೆಯಬೇಕು. ಘಟನೆಯಾದ ಕೂಡಲೇ ಬಡ್ತಿ, ಶೌರ್ಯ ಪದಕ ಕೊಡಬಾರದು. ಸತ್ತವನ ಹತ್ತಿರದ ಸಂಬಂಧಿಗೆ ಆದಷ್ಟು ಬೇಗ ತಿಳಿಸಬೇಕು.

ಇವುಗಳಲ್ಲಿ ಒಂದನ್ನು ನಮ್ಮ ಪತ್ರಿಕೆಗಳು ಗಮನಿಸಿದ್ದು ಕಡಿಮೆ. ಸಾವಾಗದೆ ತೀವ್ರ ಗಾಯವಾದಾಗಲೂ ಸಾಧ್ಯವಾದಷ್ಟು ಈ ಸೂಚನೆಗಳನ್ನೇ ಪಾಲಿಸಬೇಕು ಎಂದು ಆ ತೀರ್ಪಿನಲ್ಲಿದೆ. ಯಾಕೆ ಹೇಳುತ್ತೇನೆಂದರೆ, ಮಹಜರಿಗೆ ಕರೆದೊಯ್ದಾಗ ಆರೋಪಿಯಿಂದ ಹಲ್ಲೆ ಯತ್ನ, ಆತ್ಮರಕ್ಷಣೆಗಾಗಿ ಕಾಲಿಗೆ ಗುಂಡು ಎಂಬ ಸುದ್ದಿಯನ್ನು ಶಿವಮೊಗ್ಗ, ಭದ್ರಾವತಿಯಲ್ಲಿ ಪತ್ರಿಕೆ ಓದುವವರಿಗೆ ನಾನು ಪರಿಚಯಿಸಬೇಕಿಲ್ಲ. ಪ್ರತಿಯೊಂದೂ ಸುಳ್ಳು ಎಂದು ಹೇಳುವ ಅಧಿಕಾರ ನನಗಿಲ್ಲ, ಪೊಲೀಸರ ಕೈಗೆ ನಿಜವಾಗಿ ಕತ್ತಿಯೇಟು ಬಿದ್ದಿರುತ್ತದೆ. ಆದರೆ ವಾಕ್ಯ ಕೂಡ ಬದಲಾಗದೆ ಅದೇ ಕತೆ ಮತ್ತೆ ಮತ್ತೆ ಬಂದಾಗ ಯಾರಾದರೂ ಹೊರಗಿನವರು ಅದನ್ನು ಪರೀಕ್ಷಿಸಬೇಕಲ್ಲವೆ? ಕೈದಿಯನ್ನು ಆಯುಧ ತೋರಿಸಲು ಕರೆದ ಜಾಗದಲ್ಲಿ ಆ ಆಯುಧ ಅವನ ಕೈಗೆ ಸಿಗುವಂತೆ ಯಾಕಿತ್ತು? ಎಷ್ಟು ಜನ ಜೊತೆಗಿದ್ದರು? ಇನ್ನು, ಕಾಲಿಗೆ ಹೊಡೆದರೆ ಪ್ರಾಣಕ್ಕೆ ಅಪಾಯವಿಲ್ಲ ಎಂಬುದೂ ಭ್ರಮೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷದಲ್ಲಿ ಪ್ರಾಣ ಹೋಗಬಹುದು. ಮೆಗ್ಗಾನ್ ಆಸ್ಪತ್ರೆಯ ಎದುರಿನ ರಸ್ತೆಯಲ್ಲಾದರೆ ಬದುಕಿಸಬಹುದು, ಆಗುಂಬೆಯ ಕಡೆ ಆದರೆ?

ಇಲ್ಲಿ ಒಂದು ಕಹಿ ಮಾತು ಹೇಳಬೇಕು. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವನ್ನು ಕೊಂದ ಆರೋಪದ ಮೇಲೆ ಹಿಡಿದವನು ಅದೇ ದಿನ ಪೊಲೀಸ್ ಗುಂಡಿಗೆ ಸತ್ತ. ಜನ ಸಂಭ್ರಮಿಸಿದರು. ಆ ಮಗುವಿನ ತಾಯಿ ತಂದೆಯ ಸಂಕಟ ನೆನೆದರೆ ಆ ಸಂಭ್ರಮ ಯಾಕೆ ಹುಟ್ಟಿತು ಎಂದು ನನಗೂ ಅರ್ಥವಾಗುತ್ತದೆ. ತನಿಖೆ ಸಿಐಡಿಗೆ ಹೋಯಿತು, ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಬಂತು. ಆ ಪ್ರಕರಣದ ಬಗ್ಗೆ ನಾನು ತೀರ್ಪು ಕೊಡುವುದಿಲ್ಲ. ಆದರೆ 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಸತ್ತಾಗಲೂ ಜನ ಪೊಲೀಸರ ಮೇಲೆ ಹೂ ಎರಚಿದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ 2022ರಲ್ಲಿ ಕೊಟ್ಟ ವರದಿಯಲ್ಲಿ ಏನಿತ್ತು? ಗುಂಡು ಸಾಯಿಸುವ ಉದ್ದೇಶದಿಂದಲೇ ಹಾರಿತು, ಪೊಲೀಸರ ಕತೆ ನಂಬುವಂಥದ್ದಲ್ಲ, ಹತ್ತು ಪೊಲೀಸರ ಮೇಲೆ ಕೊಲೆಯ ವಿಚಾರಣೆಯಾಗಬೇಕು. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರಾಗಿದ್ದರು ಎಂದೂ ಆಯೋಗ ಕಂಡುಕೊಂಡಿತು. ಹೂ ಎರಚಿದವರು ಆ ವರದಿಯನ್ನು ಓದಿರಲಾರರು. ಜನ ಚಪ್ಪಾಳೆ ಹೊಡೆದಷ್ಟೂ ಮುಂದಿನ ಅಧಿಕಾರಿಯ ಮೇಲಿನ ಒತ್ತಡ ಹೆಚ್ಚುತ್ತದೆ. ಆ ಒತ್ತಡವನ್ನು ಹಾಕಿದವರು ನಾವು.

ಲೆಕ್ಕ ತಡವಾಗಿ ಬಂದರೂ ಬರುತ್ತದೆ ಎಂಬುದನ್ನು ಪೊಲೀಸ್ ಮಿತ್ರರು ಗಮನಿಸಬೇಕು. 1991ರಲ್ಲಿ ಉತ್ತರ ಪ್ರದೇಶದ ಪೀಲಿಭೀತ್‌ನಲ್ಲಿ ಯಾತ್ರೆಗೆ ಹೋಗಿದ್ದ ಹತ್ತು ಸಿಖ್ಖರನ್ನು ಬಸ್ಸಿನಿಂದ ಇಳಿಸಿ ಕೊಂದ ಪ್ರಕರಣದಲ್ಲಿ 2016ರಲ್ಲಿ 47 ಪೊಲೀಸರಿಗೆ ಶಿಕ್ಷೆಯಾಯಿತು. 2022ರಲ್ಲಿ ಹೈಕೋರ್ಟ್ ಅದನ್ನು ಕೊಲೆಯಲ್ಲದ ನರಹತ್ಯೆಗೆ ಇಳಿಸಿತು, ಆದರೂ ಶಿಕ್ಷೆ ಉಳಿಯಿತು. 1997ರಲ್ಲಿ ದೆಹಲಿಯ ಕನಾಟ್ ಪ್ಲೇಸ್‌ನಲ್ಲಿ ಬೇರೆ ಯಾರೋ ಎಂದು ತಪ್ಪಾಗಿ ತಿಳಿದು ಇಬ್ಬರು ವ್ಯಾಪಾರಿಗಳನ್ನು ಕೊಂದ ಹತ್ತು ಪೊಲೀಸರ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು. ಈ ಪ್ರಕರಣಗಳಲ್ಲಿ ವರ್ಷಗಟ್ಟಲೆ ಕೋರ್ಟಿಗೆ ಅಲೆದವರಲ್ಲಿ ಕೆಳದರ್ಜೆಯ ಸಿಬ್ಬಂದಿ ಎಷ್ಟೋ ಜನ. ಮೌಖಿಕ ಆದೇಶ ಕೊಟ್ಟವರಿಗೆ ಕಾಗದದಲ್ಲಿ ಹೆಸರಿರುವುದಿಲ್ಲ. ಆದ್ದರಿಂದ ಆದೇಶ ಬರಹದಲ್ಲಿರಲಿ, ವೈರ್‌ಲೆಸ್ ಧ್ವನಿಮುದ್ರಣ ಉಳಿಯಲಿ, ಮೈಮೇಲಿನ ಕ್ಯಾಮೆರಾ ಚಾಲೂ ಇರಲಿ ಎಂದು ಕೇಳಬೇಕಾದವರಲ್ಲಿ ಮೊದಲಿಗರು ಕಾನ್‌ಸ್ಟೇಬಲ್‌ಗಳೇ. ಅದು ಅವರಿಗೆ ಸಿಗುವ ರಕ್ಷಣೆ.

ಪೂರ್ವಾನುಮತಿಯ ಬಗ್ಗೆ ಎರಡು ಮಾತು. ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ನ್ಯಾಯಾಲಯ ವಿಚಾರಣೆ ಕೈಗೆತ್ತಿಕೊಳ್ಳಲು ಸರ್ಕಾರದ ಅನುಮತಿ ಬೇಕು. ನಮ್ಮಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಕೂಡ ಇದೆ, 2020ರಲ್ಲಿ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ವಿವರವಾಗಿ ಚರ್ಚಿಸಿದೆ. ಆದರೆ ಎಫ್‌ಐಆರ್ ಹಾಕಲು, ತನಿಖೆ ಮಾಡಲು ಈ ಅನುಮತಿ ಬೇಕಿಲ್ಲ. ಠಾಣೆಯಲ್ಲಿ ಯಾರಾದರೂ ಅನುಮತಿ ಬರಲಿ, ಆಮೇಲೆ ದೂರು ತೆಗೆದುಕೊಳ್ಳುತ್ತೇವೆ ಎಂದರೆ ಒಪ್ಪಬೇಡಿ. ಹೊಸ ಸಂಹಿತೆಯ 218ನೇ ಕಲಮಿನ ಪ್ರಕಾರ ಸರ್ಕಾರ 120 ದಿನದೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಇದು ಒಳ್ಳೆಯ ಬದಲಾವಣೆ, ಇದನ್ನು ಬಳಸಬೇಕು.

ಮ್ಯಾಜಿಸ್ಟ್ರೇಟ್ ವಿಚಾರಣೆಯನ್ನು ಉಪವಿಭಾಗಾಧಿಕಾರಿಗಳಿಗೆ ಒಪ್ಪಿಸುವುದು ರೂಢಿ. ಗಣಪತಿ ಮೆರವಣಿಗೆಯ ಬಂದೋಬಸ್ತ್ ಸಭೆಯಲ್ಲಿ ಪೊಲೀಸ್ ಅಧಿಕಾರಿಗಳ ಪಕ್ಕದಲ್ಲೇ ಕೂರುವ ಅಧಿಕಾರಿ ಮರುವಾರ ಅವರನ್ನೇ ವಿಚಾರಿಸಬೇಕಾದ ಪರಿಸ್ಥಿತಿ ಆ ಅಧಿಕಾರಿಗೂ ಸುಖದ್ದಲ್ಲ. ಬೇರೆ ಜಿಲ್ಲೆಯವರಿಗೆ ಕೊಡುವುದು ಮೇಲು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಸತ್ತಾಗ ವಿಚಾರಣೆಯನ್ನು ಉಡುಪಿಯ ಜಿಲ್ಲಾಧಿಕಾರಿಗೆ ವಹಿಸಿದ್ದರು. ಅದು ಕನಿಷ್ಠ ಪದ್ಧತಿಯಾಗಲಿ. ಇನ್ನು, ಪೊಲೀಸ್ ಸುಧಾರಣೆಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2006ರ ಪ್ರಕಾಶ್ ಸಿಂಗ್ ತೀರ್ಪಿನ ನಂತರ ನಮ್ಮ ರಾಜ್ಯವೂ ಕಾಯ್ದೆ ತಿದ್ದಿ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ತಂದಿದೆ. ಇಲ್ಲಿ ಕೂತಿರುವವರಲ್ಲಿ ಎಷ್ಟು ಜನರಿಗೆ ಅದರ ಕಚೇರಿ ಎಲ್ಲಿದೆ ಎಂದು ಗೊತ್ತು? ಕೈ ಎತ್ತಿಸುವುದಿಲ್ಲ, ಮನಸ್ಸಿನಲ್ಲೇ ಉತ್ತರಿಸಿಕೊಳ್ಳಿ.

ಕೊನೆಯದಾಗಿ ಕಾನೂನು ವಿದ್ಯಾರ್ಥಿಗಳಿಗೆ ಒಂದು ಕೆಲಸದ ಮಾತು. ಇಂಥ ಸಾವು ನಡೆದ ಮನೆಯವರು ನಿಮ್ಮ ಬಳಿ ಬಂದರೆ ಭಾಷಣ ಮಾಡಬೇಡಿ, ಕಾಗದ ಕೇಳಿಸಿ. ಎಫ್‌ಐಆರ್ ಪ್ರತಿ, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಮತ್ತು ವಿಡಿಯೊ, ಶಸ್ತ್ರ ಒಪ್ಪಿಸಿದ ರಸೀತಿ, ಆ ದಿನದ ಡ್ಯೂಟಿ ಪಟ್ಟಿ. ಮಾನವ ಹಕ್ಕುಗಳ ಆಯೋಗಕ್ಕೆ ಪೊಲೀಸರು ವರದಿ ಕಳಿಸಿದ್ದಾರೆಯೇ ಎಂದು ಬರಹದಲ್ಲಿ ವಿಚಾರಿಸಿ. ಹದಿನಾರು ಸೂಚನೆಗಳಲ್ಲಿ ಯಾವುದನ್ನಾದರೂ ಪಾಲಿಸಿಲ್ಲವೆಂದು ಕಂಡರೆ ಮನೆಯವರು ನೇರವಾಗಿ ಆ ಜಿಲ್ಲೆಯ ಸೆಷನ್ಸ್ ನ್ಯಾಯಾಧೀಶರಿಗೆ ದೂರು ಕೊಡಬಹುದು, ಅದಕ್ಕೆ ಸುಪ್ರೀಂ ಕೋರ್ಟೇ ದಾರಿ ತೆರೆದಿಟ್ಟಿದೆ. ಅರ್ಜಿ ಕನ್ನಡದಲ್ಲೇ ಬರೆಯಿರಿ. ಬರೆಯಲು ತೊಡಕಾದರೆ ಕೋರ್ಟಿಗೆ ಬನ್ನಿ, ಜೊತೆಯಲ್ಲಿ ಕೂತು ಬರೆಯೋಣ, ಅದಕ್ಕೆ ಫೀಸು ಕೇಳುವುದಿಲ್ಲ.

ನನ್ನ ಮಾತು ಮುಗಿಯಿತು. ಪ್ರಶ್ನೆಗೆ ಸಮಯವಿದೆ. ಹಿಂದಿನ ಸಾಲಿನ ಪೊಲೀಸ್ ಮಿತ್ರರು ಮೊದಲು ಮಾತಾಡಲಿ ಎಂದು ಕೇಳಿಕೊಳ್ಳುತ್ತೇನೆ. ರಾತ್ರಿ ಚೆಕ್‌ಪೋಸ್ಟ್ ಡ್ಯೂಟಿ ಮಾಡಿದವರು ಯಾರಾದರೂ ಇದ್ದರೆ, ನಿಮ್ಮನ್ನು ಕಳಿಸುವಾಗ ಏನು ಹೇಳಿ ಕಳಿಸುತ್ತಾರೆ ಎಂಬುದರಿಂದಲೇ ಶುರು ಮಾಡಿ. ಮೈಕ್ ಹಿಂದಕ್ಕೆ ಕೊಡಿ.